ರುಜುವಾತಿನ ಬೆಲೆ ತೆರುವವರು ಯಾರು?

2024ರ ಜುಲೈ 19ರಂದು ಭಾರತೀಯ ಕಾಲಮಾನ ಬೆಳಿಗ್ಗೆ 9.39ಕ್ಕೆ ಅಮೆರಿಕದ ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶ ಸಂಸ್ಥೆಯು ತನ್ನ ಗ್ರಾಹಕರ ಕಂಪ್ಯೂಟರುಗಳಿಗೆ ಒಂದು ಸಣ್ಣ ಕಡತವನ್ನು ರವಾನಿಸಿತು. 78 ನಿಮಿಷಗಳೊಳಗೆ ಅದನ್ನು ಹಿಂದಕ್ಕೆ ಪಡೆಯಿತಾದರೂ ಅಷ್ಟರಲ್ಲಿ ಅನಾಹುತ ನಡೆದುಹೋಗಿತ್ತು. ಮೈಕ್ರೊಸಾಫ್ಟ್‌ನ ಅಂದಾಜಿನಂತೆ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಸ್ಥಗಿತಗೊಂಡವು. ವಿಮಾನಯಾನ, ಬ್ಯಾಂಕು, ಆಸ್ಪತ್ರೆ ಸೇವೆಗಳು ಅಸ್ತವ್ಯಸ್ತವಾದವು. ಬೆಂಗಳೂರೂ ಸೇರಿದಂತೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಅಂದು ಚೆಕ್-ಇನ್ ವ್ಯವಸ್ಥೆ ಕೈಕೊಟ್ಟಿತು. ಕೆಲವೆಡೆ ಪ್ರಯಾಣಿಕರಿಗೆ ಕೈಬರಹದ ಬೋರ್ಡಿಂಗ್ ಪಾಸುಗಳನ್ನು ವಿತರಿಸಬೇಕಾಯಿತು.

ಈ ಅವಘಡದ ಮೂಲ ಕಾರಣವನ್ನು ಸಂಸ್ಥೆಯೇ ಮರುತಿಂಗಳು ಪ್ರಕಟಿಸಿತು. ಅದರ ತಂತ್ರಾಂಶದ ಒಂದು ಭಾಗದ ವ್ಯಾಖ್ಯಾನದಲ್ಲಿ 21 ಮಾಹಿತಿಗಳಿರಬೇಕೆಂದು ಬರೆದಿತ್ತು. ಆದರೆ ಕಾರ್ಯನಿರ್ವಹಿಸುವ ಕೋಡ್ ಒದಗಿಸುತ್ತಿದ್ದುದು 20 ಮಾಹಿತಿಗಳನ್ನು ಮಾತ್ರ. ಹಿಂದಿನ ಪರೀಕ್ಷೆಗಳಲ್ಲಿ 21ನೆಯ ಸ್ಥಾನದಲ್ಲಿ ‘ಏನಿದ್ದರೂ ಸರಿ’ ಎಂಬ ಅರ್ಥದ ಸಂಕೇತ ಇದ್ದುದರಿಂದ ಆ ಕೊರತೆ ಬಯಲಾಗಿರಲಿಲ್ಲ. ಜುಲೈ 19ರ ಕಡತವು ಮೊದಲ ಬಾರಿಗೆ ಆ 21ನೆಯ ಮಾಹಿತಿಯನ್ನು ನಿಜವಾಗಿ ಕೇಳಿತು. ಇಲ್ಲದ ಮಾಹಿತಿಯನ್ನು ಹುಡುಕಲು ಹೊರಟ ಯಂತ್ರ ಕುಸಿಯಿತು. ಕಾಗದದ ಮೇಲೆ ಬರೆದದ್ದಕ್ಕೂ ಕಾರ್ಯರೂಪಕ್ಕೆ ಬಂದದ್ದಕ್ಕೂ ನಡುವಣ ಅಂತರ ಇಷ್ಟೇ: ಇಪ್ಪತ್ತು ಮತ್ತು ಇಪ್ಪತ್ತೊಂದು.

ಇಂತಹ ಅಂತರ ಇಲ್ಲವೇ ಇಲ್ಲ ಎಂದು ಗಣಿತದ ಖಚಿತತೆಯೊಡನೆ ಹೇಳಲು ಸಾಧ್ಯವೇ? ಸಾಧ್ಯ ಎಂಬುದು ಅನೇಕರಿಗೆ ಆಶ್ಚರ್ಯದ ಸಂಗತಿಯಾಗಬಹುದು. ಹದಿನೈದು ವರ್ಷಗಳಿಗೂ ಹಿಂದೆಯೇ ಆಸ್ಟ್ರೇಲಿಯಾದ ವಿಜ್ಞಾನಿಗಳ ತಂಡವೊಂದು ಅದನ್ನು ಮಾಡಿ ತೋರಿಸಿದೆ. ಹಾಗಿದ್ದರೂ ಆ ವಿಧಾನ ಏಕೆ ವ್ಯಾಪಕವಾಗಿ ಬಳಕೆಗೆ ಬಂದಿಲ್ಲ ಎಂಬುದು ಕೇವಲ ತಾಂತ್ರಿಕ ಪ್ರಶ್ನೆಯಲ್ಲ. ಅದು ಅರ್ಥಶಾಸ್ತ್ರದ ಮತ್ತು ಸಾರ್ವಜನಿಕ ನೀತಿಯ ಪ್ರಶ್ನೆ.

ಮೊದಲು ಕರ್ನೆಲ್ ಎಂದರೇನೆಂದು ನೋಡೋಣ. ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಂನ ತಿರುಳೇ ಕರ್ನೆಲ್. ಯಾವ ಕಾರ್ಯಕ್ರಮಕ್ಕೆ ಎಷ್ಟು ಸ್ಮೃತಿ, ಎಷ್ಟು ಸಮಯ, ಯಾವ ಸಾಧನವನ್ನು ಮುಟ್ಟುವ ಅಧಿಕಾರ ಎಂಬುದನ್ನೆಲ್ಲ ನಿರ್ಧರಿಸುವುದು ಅದೇ. ಅದಕ್ಕೆ ಮೇಲಧಿಕಾರಿ ಇಲ್ಲ. ಸಾಮಾನ್ಯ ಕಾರ್ಯಕ್ರಮವೊಂದು ತಪ್ಪಿದರೆ ಕರ್ನೆಲ್ ಅದನ್ನು ನಿಲ್ಲಿಸಿ ಉಳಿದವುಗಳನ್ನು ಕಾಪಾಡುತ್ತದೆ. ಕರ್ನೆಲ್ಲೇ ತಪ್ಪಿದರೆ ಕಾಪಾಡುವವರಿಲ್ಲ. ಕ್ರೌಡ್‌ಸ್ಟ್ರೈಕ್‌ನ ತಂತ್ರಾಂಶ ಕರ್ನೆಲ್‌ನ ಅಂಗವಲ್ಲದಿದ್ದರೂ ಕರ್ನೆಲ್‌ನ ಆವರಣದೊಳಗೆ, ಅದರದೇ ಅಧಿಕಾರದೊಡನೆ ಕೆಲಸ ಮಾಡುತ್ತಿತ್ತು. ಆದ್ದರಿಂದಲೇ ಒಂದು ಭಾಗದ ತಪ್ಪು ಇಡೀ ಯಂತ್ರದ ಪತನವಾಯಿತು. ಇಂದು ಪ್ರಚಲಿತವಿರುವ ಕರ್ನೆಲ್‌ಗಳು ಬೃಹದಾಕಾರವಾಗಿ ಬೆಳೆದಿವೆ. ಲಿನಕ್ಸ್ ಕರ್ನೆಲ್‌ನ ಮೂಲ ಕೋಡ್ 3 ಕೋಟಿ ಸಾಲುಗಳನ್ನು ಮೀರಿದೆ. ಅಷ್ಟು ದೊಡ್ಡ ಕಟ್ಟಡದ ಪ್ರತಿಯೊಂದು ಇಟ್ಟಿಗೆಗೂ ಯಾರೂ ಜವಾಬು ಹೇಳಲಾರರು.

ತಂತ್ರಾಂಶದ ಗುಣಮಟ್ಟವನ್ನು ಅಳೆಯುವ ರೂಢಿಯ ಮಾರ್ಗ ಪರೀಕ್ಷೆ. ಇದನ್ನು ಸರ್ಕಾರಿ ಲೆಕ್ಕಪತ್ರಗಳ ಮಾದರಿ ತಪಾಸಣೆಗೆ ಹೋಲಿಸಬಹುದು. ಸಾವಿರ ವೋಚರುಗಳಲ್ಲಿ ಐವತ್ತನ್ನು ಆಯ್ದು ನೋಡಿ, ತಪ್ಪಿಲ್ಲವೆಂದಾದರೆ ಲೆಕ್ಕ ಒಟ್ಟಾರೆ ಸರಿಯಿದೆಯೆಂದು ಲೆಕ್ಕಪರಿಶೋಧಕರು ಅಭಿಪ್ರಾಯ ಕೊಡುತ್ತಾರೆ. ಅದು ಸಮಂಜಸವೇ. ಆದರೆ ತಂತ್ರಾಂಶದಲ್ಲಿ ಸಂಭವನೀಯ ಸನ್ನಿವೇಶಗಳ ಸಂಖ್ಯೆ ಸಾವಿರವಲ್ಲ, ಎಣಿಕೆಗೆ ನಿಲುಕದ್ದು. ಮೇಲಾಗಿ ಅಲ್ಲಿ ತಪ್ಪನ್ನು ಹುಡುಕುವ ಶತ್ರುವೊಬ್ಬನಿದ್ದಾನೆ. ನಾವು ನೋಡದೆ ಬಿಟ್ಟ ವೋಚರನ್ನೇ ಆತ ಅರಸುತ್ತಾನೆ. ಪರೀಕ್ಷೆಯು ದೋಷ ಇದೆಯೆಂದು ತೋರಿಸಬಲ್ಲುದೇ ಹೊರತು ಇಲ್ಲವೆಂದು ತೋರಿಸಲಾರದು ಎಂಬ ಮಾತನ್ನು ಕಂಪ್ಯೂಟರ್ ವಿಜ್ಞಾನಿ ಡೈಕ್‌ಸ್ಟ್ರ ಅರ್ಧ ಶತಮಾನಕ್ಕೂ ಹಿಂದೆಯೇ ಮುಂದಿಟ್ಟಿದ್ದರು.

ರುಜುವಾತಿನ ಮಾರ್ಗ ಬೇರೆ. ತ್ರಿಭುಜದ ಮೂರು ಕೋನಗಳ ಮೊತ್ತ 180 ಡಿಗ್ರಿ ಎಂಬುದನ್ನು ನಾವು ಸಾವಿರ ತ್ರಿಭುಜಗಳನ್ನು ಅಳೆದು ನಂಬಿದ್ದಲ್ಲ. ಪ್ರಮೇಯವಾಗಿ ಸಾಧಿಸಿ ಒಪ್ಪಿದ್ದು. ಅಳೆಯದ ತ್ರಿಭುಜಕ್ಕೂ ಅದು ಅನ್ವಯಿಸುತ್ತದೆ. ಕಂಪ್ಯೂಟರ್ ಕಾರ್ಯಕ್ರಮವನ್ನೂ ಹೀಗೆ ಪ್ರಮೇಯದಂತೆ ಸಾಧಿಸಬಹುದೆಂಬ ಆಲೋಚನೆ ಹೊಸದಲ್ಲ. 1949ರಲ್ಲೇ ಅಲನ್ ಟ್ಯೂರಿಂಗ್ ಈ ಬಗ್ಗೆ ಪ್ರಬಂಧ ಮಂಡಿಸಿದ್ದರು. 1969ರಲ್ಲಿ ಟೋನಿ ಹೋರ್ ಅದಕ್ಕೊಂದು ತರ್ಕದ ಚೌಕಟ್ಟು ಒದಗಿಸಿದರು. ಆದರೆ ಪುಸ್ತಕದ ಉದಾಹರಣೆಗಳನ್ನು ದಾಟಿ ನೈಜ ಕರ್ನೆಲ್ ಒಂದಕ್ಕೆ ಇದನ್ನು ಅನ್ವಯಿಸಲು ಇನ್ನೂ ನಲವತ್ತು ವರ್ಷ ಬೇಕಾಯಿತು.

ಆ ಕೆಲಸ ನಡೆದದ್ದು ಸಿಡ್ನಿಯಲ್ಲಿ. ಆಸ್ಟ್ರೇಲಿಯಾ ಸರ್ಕಾರ 2002ರಲ್ಲಿ ಸ್ಥಾಪಿಸಿದ ನಿಕ್ಟಾ ಎಂಬ ಸಂಶೋಧನಾ ಸಂಸ್ಥೆಯಲ್ಲಿ ಗರ್ವಿನ್ ಕ್ಲೈನ್, ಗರ್ನಾಟ್ ಹೈಸರ್ ಮತ್ತು ಅವರ ಸಂಗಡಿಗರು ‘ಎಸ್‌ಇಎಲ್-4’ ಎಂಬ ಕಿರು ಕರ್ನೆಲ್ಲನ್ನು ರಚಿಸಿ, 2009ರಲ್ಲಿ ಅದರ ರುಜುವಾತನ್ನು ಪೂರ್ಣಗೊಳಿಸಿದರು. ಕರ್ನೆಲ್‌ನ ಗಾತ್ರ ಸಿ ಭಾಷೆಯಲ್ಲಿ ಸುಮಾರು 8,700 ಸಾಲು. ಸಾಧನಗಳ ಚಾಲಕ ತಂತ್ರಾಂಶಗಳಂತಹ ಎಲ್ಲವನ್ನೂ ಹೊರಗಿಟ್ಟು, ಹೊರಗಿಡಲು ಸಾಧ್ಯವೇ ಇಲ್ಲದಷ್ಟನ್ನು ಮಾತ್ರ ಒಳಗೆ ಉಳಿಸಿಕೊಂಡದ್ದು ಈ ವಿನ್ಯಾಸದ ತತ್ವ. ಇಲ್ಲಿ ಚಾಲಕ ತಂತ್ರಾಂಶವೊಂದು ಕುಸಿದರೆ ಕುಸಿಯುವುದು ಅದು ಮಾತ್ರ, ಕರ್ನೆಲ್ ಉಳಿಯುತ್ತದೆ.

ರುಜುವಾತಿನ ಬಗೆ ಆಡಳಿತದ ಪರಿಚಯ ಇರುವವರಿಗೆ ಸುಲಭವಾಗಿ ಅರ್ಥವಾದೀತು. ಶಾಸಕಾಂಗ ಅಧಿನಿಯಮವನ್ನು ರೂಪಿಸುತ್ತದೆ. ಅದರ ಅಡಿಯಲ್ಲಿ ಇಲಾಖೆ ನಿಯಮಾವಳಿ ರಚಿಸುತ್ತದೆ. ನಿಯಮಾವಳಿಯಂತೆ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತ ಅರ್ಜಿ ವಿಲೇವಾರಿ ಮಾಡುತ್ತಾನೆ. ಕೆಳಹಂತದಲ್ಲಿ ನಡೆಯುವ ಪ್ರತಿಯೊಂದು ಕ್ರಿಯೆಯೂ ಮೇಲಿನ ಹಂತ ಅನುಮತಿಸಿದ ವ್ಯಾಪ್ತಿಯೊಳಗೇ ಇರಬೇಕು. ಮೀರಿದರೆ ಅದು ಊರ್ಜಿತವಲ್ಲ. ಎಸ್‌ಇಎಲ್-4ರಲ್ಲಿಯೂ ಮೂರು ಹಂತಗಳಿವೆ. ಕರ್ನೆಲ್ ಏನು ಮಾಡಬೇಕು ಎಂದಷ್ಟೇ ಹೇಳುವ ಸ್ಪೆಸಿಫಿಕೇಶನ್ ಮೇಲಿನದು. ಹೇಗೆ ಮಾಡಬೇಕೆಂಬ ವಿನ್ಯಾಸ ನಡುವಿನದು. ಯಂತ್ರದಲ್ಲಿ ಓಡುವ ಸಿ ಕೋಡ್ ಕೆಳಗಿನದು. ಯಾವುದೇ ಸನ್ನಿವೇಶದಲ್ಲಿ ಕೆಳಗಿನ ಕೋಡ್ ಏನು ಮಾಡಿದರೂ ಅದು ಮೇಲಿನ ಸ್ಪೆಸಿಫಿಕೇಶನ್ ಅನುಮತಿಸಿದ ವರ್ತನೆಯೇ ಆಗಿರುತ್ತದೆ ಎಂಬುದೇ ಸಾಧಿಸಲಾದ ಪ್ರಮೇಯ. ಇದರ ಫಲವಾಗಿ ಸ್ಮೃತಿಯ ಎಲ್ಲೆ ಮೀರಿ ಓದುವುದು, ಕೊನೆಯಿಲ್ಲದ ಸುತ್ತಿನಲ್ಲಿ ಸಿಲುಕುವುದು, ಅರ್ಥವಿಲ್ಲದ ವಿಳಾಸವನ್ನು ಹುಡುಕಿ ಕುಸಿಯುವುದು ಮುಂತಾದ ದೋಷಗಳ ಇಡೀ ವರ್ಗಗಳೇ ಇಲ್ಲವೆಂದಾಗುತ್ತದೆ.

ಈ ರುಜುವಾತು ಸುಮಾರು 2 ಲಕ್ಷ ಸಾಲುಗಳಷ್ಟಿದೆ. ಅದನ್ನು ಓದಿ ಒಪ್ಪುವುದು ಮನುಷ್ಯರ ಕಣ್ಣಿಗೆ ಬಿಟ್ಟ ಕೆಲಸವಲ್ಲ. ‘ಇಸಾಬೆಲ್’ ಎಂಬ ತರ್ಕಪರಿಶೀಲಕ ತಂತ್ರಾಂಶ ಪ್ರತಿಯೊಂದು ಹೆಜ್ಜೆಯನ್ನೂ ತಾಳೆ ನೋಡುತ್ತದೆ. ‘ಇದು ಸ್ಪಷ್ಟವೇ ಇದೆ’ ಎಂದು ಹಾರಿಸಿಕೊಂಡು ಹೋಗಲು ಬಿಡುವುದಿಲ್ಲ. ಇಷ್ಟು ಶ್ರಮ ಸಾರ್ಥಕವಾಯಿತೇ ಎಂಬುದಕ್ಕೆ ತಂಡವೇ ಪ್ರಕಟಿಸಿದ ಒಂದು ಲೆಕ್ಕವಿದೆ. ರುಜುವಾತಿಗೆ ಮೊದಲು ನಡೆಸಿದ ಪರೀಕ್ಷೆಗಳಲ್ಲಿ ಕೋಡ್‌ನಲ್ಲಿ ಸಿಕ್ಕ ದೋಷಗಳು 16. ರುಜುವಾತಿನ ಹಾದಿಯಲ್ಲಿ ಸಿಕ್ಕವು ಮತ್ತೆ 144. ನುರಿತ ಕೈಗಳು ಬರೆದ, ಹತ್ತು ಸಾವಿರ ಸಾಲನ್ನೂ ಮುಟ್ಟದ ಕೋಡ್‌ನಲ್ಲಿ ಇಷ್ಟು ದೋಷಗಳು ಅಡಗಿದ್ದವೆಂದರೆ, ಕೋಟಿಗಟ್ಟಲೆ ಸಾಲುಗಳ ತಂತ್ರಾಂಶಗಳ ಒಡಲಲ್ಲಿ ಏನೇನಿದೆ ಎಂಬುದನ್ನು ಓದುಗರೇ ಊಹಿಸಬಹುದು.

ಹಾಗೆಂದು ರುಜುವಾತನ್ನು ರಕ್ಷಾಯಂತ್ರವೆಂದು ಭಾವಿಸಬಾರದು. ಕೋಡ್ ಸ್ಪೆಸಿಫಿಕೇಶನ್‌ಗೆ ಹೊಂದುತ್ತದೆ ಎಂದಷ್ಟೇ ಅದು ಹೇಳುತ್ತದೆ. ಸ್ಪೆಸಿಫಿಕೇಶನ್ನೇ ತಪ್ಪಾಗಿದ್ದರೆ ತಪ್ಪನ್ನೇ ನಿಷ್ಠೆಯಿಂದ ಪಾಲಿಸುವ ಯಂತ್ರ ದೊರೆಯುತ್ತದೆ. ಕೆಟ್ಟ ಆದೇಶವನ್ನು ಅಕ್ಷರಶಃ ಜಾರಿಗೊಳಿಸಿದ ಅಧಿಕಾರಿಯಂತೆ. ಈ ಆತಂಕಕ್ಕೆ ಉತ್ತರವಾಗಿ ತಂಡವು 2011 ಮತ್ತು 2013ರಲ್ಲಿ ಇನ್ನೆರಡು ರುಜುವಾತುಗಳನ್ನು ನೀಡಿತು. ಅಧಿಕಾರವಿಲ್ಲದವರು ಮಾಹಿತಿಯನ್ನು ತಿದ್ದಲಾರರು ಎಂಬುದು ಮೊದಲನೆಯದು. ಕದ್ದು ಓದಲಾರರು ಎಂಬುದು ಎರಡನೆಯದು.

ರುಜುವಾತು ಕೆಲವು ಊಹೆಗಳ ಮೇಲೂ ನಿಂತಿದೆ. ಪ್ರೊಸೆಸರ್ ಕೈಪಿಡಿಯಲ್ಲಿ ಹೇಳಿದಂತೆಯೇ ನಡೆದುಕೊಳ್ಳುತ್ತದೆ ಎಂಬುದು ಅವುಗಳಲ್ಲೊಂದು. ನೇರ ಯಂತ್ರಭಾಷೆಗೆ ಹತ್ತಿರವಾದ ಕೆಲವು ನೂರು ಸಾಲುಗಳು ಸರಿಯಿವೆ ಎಂಬುದು ಇನ್ನೊಂದು. 2018ರ ಜನವರಿಯಲ್ಲಿ ಬಯಲಾದ ‘ಸ್ಪೆಕ್ಟರ್’ ಮತ್ತು ‘ಮೆಲ್ಟ್‌ಡೌನ್’ ದೋಷಗಳು ಮೊದಲ ಊಹೆಯ ಬುಡವನ್ನೇ ಅಲುಗಿಸಿದವು. ಪ್ರೊಸೆಸರ್ ಒಂದು ಕೆಲಸಕ್ಕೆ ತೆಗೆದುಕೊಳ್ಳುವ ಸಮಯವನ್ನು ಅಳೆದೇ ಗುಟ್ಟುಗಳನ್ನು ಊಹಿಸಬಹುದೆಂದು ಅವು ತೋರಿಸಿದವು. ಸಮಯದ ಮೂಲಕ ಸೋರುವ ಮಾಹಿತಿ ಎಸ್‌ಇಎಲ್-4ರ ರುಜುವಾತಿನ ವ್ಯಾಪ್ತಿಯಲ್ಲಿ ಇರಲಿಲ್ಲ. 1979ರಲ್ಲೇ ಡಿಮಿಲೊ, ಲಿಪ್ಟನ್ ಮತ್ತು ಪರ್ಲಿಸ್ ಎಂಬ ಮೂವರು ವಿದ್ವಾಂಸರು ಕಾರ್ಯಕ್ರಮಗಳ ರುಜುವಾತನ್ನು ಕಟುವಾಗಿ ಟೀಕಿಸಿದ್ದರು. ಗಣಿತದ ರುಜುವಾತು ನಂಬಿಕೆಗೆ ಅರ್ಹವಾಗುವುದು ಗಣಿತಜ್ಞರ ಸಮುದಾಯ ಅದನ್ನು ಓದಿ, ಚರ್ಚಿಸಿ, ಒಪ್ಪುವುದರಿಂದ. ಯಾರೂ ಓದದ ಉದ್ದನೆಯ ಯಾಂತ್ರಿಕ ರುಜುವಾತಿಗೆ ಆ ಯೋಗ್ಯತೆ ಬಾರದು ಎಂಬುದು ಅವರ ವಾದ.

ಈ ಟೀಕೆಯಲ್ಲಿ ಹುರುಳಿದೆ. ಆದರೆ ಅದು ರುಜುವಾತಿನ ಒಂದು ಮುಖ್ಯ ಗುಣವನ್ನು ಗಮನಿಸುವುದಿಲ್ಲ. ಸಾಮಾನ್ಯ ತಂತ್ರಾಂಶ ಕುಸಿದಾಗ ‘ಅನಿರೀಕ್ಷಿತ ದೋಷ’ ಎಂಬ ಸಮಜಾಯಿಷಿ ದೊರೆಯುತ್ತದೆ. ಯಾರು ಯಾವುದನ್ನು ಭರವಸೆಯಾಗಿ ಕೊಟ್ಟಿದ್ದರು ಎಂಬುದು ಎಲ್ಲೂ ದಾಖಲಾಗಿರುವುದಿಲ್ಲ. ರುಜುವಾತುಳ್ಳ ತಂತ್ರಾಂಶದಲ್ಲಿ ಭರವಸೆಯೂ ಬರಹದಲ್ಲಿದೆ, ಊಹೆಗಳೂ ಬರಹದಲ್ಲಿವೆ. ಸ್ಪೆಕ್ಟರ್ ಬಯಲಾದಾಗ ರುಜುವಾತಿನ ಯಾವ ಅಂಚಿನಾಚೆ ಅಪಾಯವಿದೆಯೆಂದು ಬೆರಳಿಟ್ಟು ತೋರಿಸಲು ಸಾಧ್ಯವಾದದ್ದು ಇದರಿಂದ. ಸಾರ್ವಜನಿಕ ಜೀವನದಲ್ಲಿ ಉತ್ತರದಾಯಿತ್ವ ಎಂಬುದು ಶುರುವಾಗುವುದೇ ಇಂತಹ ಲಿಖಿತ ಹೊಣೆಗಾರಿಕೆಯಿಂದ.

ಇನ್ನು ವೆಚ್ಚದ ವಿಷಯ. ಕರ್ನೆಲ್ಲನ್ನು ಬರೆಯಲು ತಗುಲಿದ್ದು ಸುಮಾರು 2.2 ಮಾನವವರ್ಷಗಳ ಶ್ರಮ. ರುಜುವಾತಿಗೆ ತಗುಲಿದ್ದು ಸುಮಾರು 20 ಮಾನವವರ್ಷ. ಅಂದರೆ ಬರೆದದ್ದಕ್ಕಿಂತ ಬರೆದದ್ದು ಸರಿಯೆಂದು ತೋರಿಸಲು ಒಂಬತ್ತು ಪಟ್ಟು. ಇದರಲ್ಲಿ ಗಣನೀಯ ಭಾಗ ಮತ್ತೆ ಬಳಸಬಹುದಾದ ವಿಧಾನ ಮತ್ತು ಉಪಕರಣಗಳಿಗೆ ಸಂದದ್ದು. ಇಂತಹುದೇ ಹೊಸ ಕರ್ನೆಲ್ಲಿಗೆ ರುಜುವಾತು 6 ಮಾನವವರ್ಷಗಳಲ್ಲಿ ಆದೀತೆಂದು ತಂಡ ಅಂದಾಜಿಸಿತ್ತು. ಆದರೂ ವೆಚ್ಚ ಅಲ್ಲಿಗೇ ಮುಗಿಯದು. ಕೋಡ್ ಬದಲಾದಾಗಲೆಲ್ಲ ರುಜುವಾತನ್ನೂ ಹೊಂದಿಸಬೇಕು. ಹೊಸ ಪ್ರೊಸೆಸರ್ ಬಂದಾಗ ಹೊಸ ರುಜುವಾತು ಬೇಕು. ಸೇತುವೆ ಕಟ್ಟಿದ ಮೇಲೆ ನಿರ್ವಹಣೆಗೆ ಹಣವಿಲ್ಲದೆ ಬಿಟ್ಟರೆ ಏನಾಗುತ್ತದೆಂದು ನಮಗೆ ಬೇರೆ ಹೇಳಬೇಕಾಗಿಲ್ಲ.

ಈ ಬೆಲೆಯನ್ನು ಮಾರುಕಟ್ಟೆ ತಾನಾಗಿ ತೆರುವುದಿಲ್ಲ. ಇದಕ್ಕೆ ಎರಡು ಕಾರಣಗಳಿವೆ. ಗುಣಮಟ್ಟವನ್ನು ಕೊಳ್ಳುವವನು ತಿಳಿಯಲಾಗದ ಪೇಟೆಯಲ್ಲಿ ಒಳ್ಳೆಯ ಸರಕನ್ನು ಕೆಟ್ಟ ಸರಕು ಹೊರದಬ್ಬುತ್ತದೆ ಎಂಬುದನ್ನು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್‌ಲಾಫ್ 1970ರಲ್ಲಿ ಹಳೆಯ ಕಾರುಗಳ ಉದಾಹರಣೆಯಿಂದ ವಿವರಿಸಿದರು. ತಂತ್ರಾಂಶದ ಪೇಟೆ ಇದಕ್ಕೆ ಮತ್ತೊಂದು ಉದಾಹರಣೆ. ‘ಸುರಕ್ಷಿತ’ ಎಂಬ ಹಣೆಪಟ್ಟಿಯನ್ನು ಎಲ್ಲರೂ ಅಂಟಿಸಿಕೊಳ್ಳುತ್ತಾರೆ. ಹಾಗಿರುವಾಗ ರುಜುವಾತಿಗೆಂದು ಹೆಚ್ಚು ಖರ್ಚು ಮಾಡಿದವನು ಟೆಂಡರಿನಲ್ಲಿ ಸೋಲುತ್ತಾನೆ. ಎರಡನೆಯದಾಗಿ, ರುಜುವಾತು ಒಂದು ಸಾರ್ವಜನಿಕ ಸರಕು. ಒಮ್ಮೆ ಸಿದ್ಧವಾದರೆ ಸಾವಿರ ಜನ ಬಳಸಿದರೂ ಅದು ಸವೆಯುವುದಿಲ್ಲ. ಹಾಗೆಯೇ ಅದರ ಪೂರ್ತಿ ಲಾಭವನ್ನು ತಯಾರಿಸಿದವನೊಬ್ಬನೇ ಪಡೆಯಲಾರ. ಇಂತಹ ಸರಕಿನ ಹೊರೆ ಕೊನೆಗೆ ಸರ್ಕಾರದ ಮೇಲೆಯೇ ಬೀಳುತ್ತದೆ.

ಎಸ್‌ಇಎಲ್-4ರ ಇತಿಹಾಸ ಇದನ್ನೇ ಹೇಳುತ್ತದೆ. ಅದರ ಮೂಲ ಬಂಡವಾಳ ಸಾರ್ವಜನಿಕ ಹಣ. ಮುಂದೆ ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ 2012ರಲ್ಲಿ ಆರಂಭಿಸಿದ ಯೋಜನೆಯಲ್ಲಿ ಈ ಕರ್ನೆಲ್ಲನ್ನು ಬೋಯಿಂಗ್‌ನ ಚಾಲಕರಹಿತ ಹೆಲಿಕಾಪ್ಟರಿಗೆ ಅಳವಡಿಸಲಾಯಿತು. ದಾಳಿಕೋರರ ಪಾತ್ರ ವಹಿಸಿದ ನಿಪುಣರಿಗೆ ಕ್ಯಾಮೆರಾ ವಿಭಾಗದ ತಂತ್ರಾಂಶವನ್ನು ಒಪ್ಪಿಸಿದರೂ ಅವರಿಗೆ ಅಲ್ಲಿಂದ ಹಾರಾಟದ ನಿಯಂತ್ರಣಕ್ಕೆ ದಾಟಲಾಗಲಿಲ್ಲ. 2014ರಲ್ಲಿ ಕೋಡ್ ಮತ್ತು ರುಜುವಾತು ಎರಡನ್ನೂ ಮುಕ್ತವಾಗಿ ಪ್ರಕಟಿಸಲಾಯಿತು. ಇಂದು ಯಾರು ಬೇಕಾದರೂ ಅದನ್ನು ತಮ್ಮ ಯಂತ್ರದಲ್ಲೇ ಮರುಪರಿಶೀಲಿಸಬಹುದು. ಪ್ರಮಾಣಪತ್ರ ನೀಡಿದವರ ಮುಖ ನೋಡಿ ನಂಬಬೇಕಾಗಿಲ್ಲ. ಅಕರ್‌ಲಾಫ್ ಗುರುತಿಸಿದ ರೋಗಕ್ಕೆ ಇದಕ್ಕಿಂತ ಉತ್ತಮ ಮದ್ದು ಇರಲಾರದು. ಆದರೆ ನಿಕ್ಟಾಕ್ಕೆ ಆಸ್ಟ್ರೇಲಿಯಾ ಸರ್ಕಾರದ ಅನುದಾನ 2016ರಲ್ಲಿ ಕೊನೆಗೊಂಡಿತು. ಅದನ್ನು ವಿಲೀನಗೊಳಿಸಿಕೊಂಡ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ 2021ರ ಮೇ ತಿಂಗಳಲ್ಲಿ ಈ ತಂಡವನ್ನೇ ವಿಸರ್ಜಿಸಿತು. ಇದೇ ಕರ್ನೆಲ್ಲಿಗೆ 2022ನೇ ಸಾಲಿನ ಎಸಿಎಂ ಸಾಫ್ಟ್‌ವೇರ್ ಸಿಸ್ಟಂ ಪ್ರಶಸ್ತಿ ಸಂದಿತು. ವಿಶ್ವವಿದ್ಯಾನಿಲಯ ಹಾಗೂ 2020ರಲ್ಲಿ ಸ್ಥಾಪನೆಯಾದ ಪ್ರತಿಷ್ಠಾನದ ಆಸರೆ ಇರದಿದ್ದರೆ ಇಷ್ಟು ದೊಡ್ಡ ಸಾರ್ವಜನಿಕ ಆಸ್ತಿ ಅನಾಥವಾಗುತ್ತಿತ್ತು.

ಇದಕ್ಕೆ ವ್ಯತಿರಿಕ್ತವಾದ ಉದಾಹರಣೆ ಪ್ಯಾರಿಸ್‌ನದು. 1998ರಲ್ಲಿ ಅಲ್ಲಿ ಆರಂಭವಾದ ಚಾಲಕರಹಿತ 14ನೇ ಮೆಟ್ರೊ ಮಾರ್ಗದ ಸುರಕ್ಷತಾ ತಂತ್ರಾಂಶವನ್ನು ‘ಬಿ’ ಎಂಬ ಗಣಿತೀಯ ವಿಧಾನದಿಂದ ರಚಿಸಿ ಸಾಧಿಸಲಾಯಿತು. ಸುಮಾರು 86,000 ಸಾಲುಗಳ ಕೋಡ್ ಅದು. ಅದನ್ನು ಬಳಸಲಿದ್ದುದು ಸಾರ್ವಜನಿಕ ಸಾರಿಗೆ ಸಂಸ್ಥೆಯಾದ ಆರ್‌ಎಟಿಪಿ. ರೈಲಿನಲ್ಲಿ ಚಾಲಕನಿಲ್ಲದ ಮೇಲೆ ತಂತ್ರಾಂಶವೇ ಚಾಲಕ. ಆದ್ದರಿಂದ ಗುತ್ತಿಗೆದಾರನ ಬಾಯಿಮಾತು ಸಾಲದೆಂದು ಕೊಳ್ಳುವವರೇ ಭಾವಿಸಿದರು. ಖರೀದಿದಾರ ಗಟ್ಟಿಯಾಗಿ ನಿಂತರೆ ಪೇಟೆ ಬಗ್ಗುತ್ತದೆ.

ನಮಗೆ ಇದರಿಂದ ಪಾಠವಿದೆ. ಪಾವತಿ, ಪಡಿತರ, ಭೂದಾಖಲೆ, ವಿದ್ಯುತ್ ಜಾಲ, ಮೆಟ್ರೊ ಎಲ್ಲವೂ ತಂತ್ರಾಂಶವನ್ನು ಅವಲಂಬಿಸಿರುವ ದೇಶದಲ್ಲಿ ಅತಿದೊಡ್ಡ ಖರೀದಿದಾರ ಸರ್ಕಾರವೇ. ಎಲ್ಲ ತಂತ್ರಾಂಶಕ್ಕೂ ರುಜುವಾತು ಕೇಳುವುದು ಅವಾಸ್ತವ. ಹಾಜರಿ ಪುಸ್ತಕದ ತಂತ್ರಾಂಶಕ್ಕೆ ಪರೀಕ್ಷೆ ಸಾಕು. ಆದರೆ ತಪ್ಪಿದರೆ ಜೀವ ಹೋಗುವ, ಜೀವನೋಪಾಯ ನಿಲ್ಲುವ ವ್ಯವಸ್ಥೆಗಳಲ್ಲಿ ನಂಬಿಕೆಯ ಭಾರ ಹೊರುವ ತಿರುಳನ್ನು ಪ್ರತ್ಯೇಕಿಸಿ ಚಿಕ್ಕದಾಗಿಡಬೇಕೆಂದು ಟೆಂಡರಿನಲ್ಲೇ ಷರತ್ತು ವಿಧಿಸಬಹುದು. ಆ ತಿರುಳಿನ ಬಗ್ಗೆ ಯಾವುದನ್ನು ಸಾಧಿಸಲಾಗಿದೆ, ಯಾವುದನ್ನು ಊಹಿಸಲಾಗಿದೆ, ಯಾವುದನ್ನು ಪರೀಕ್ಷಿಸಲಾಗಿದೆ ಎಂಬ ಮೂರು ಪಟ್ಟಿಗಳನ್ನು ಲಿಖಿತವಾಗಿ ಕೇಳಬಹುದು. ಈ ಪಟ್ಟಿಗಳಿಲ್ಲದ ‘ಗಣಿತೀಯವಾಗಿ ಸಾಧಿತ’ ಎಂಬ ಘೋಷಣೆಯೂ ಇನ್ನೊಂದು ಹಣೆಪಟ್ಟಿಯಾಗಿಯೇ ಉಳಿಯುತ್ತದೆ. ಕನಿಷ್ಠ ದರ ನಮೂದಿಸಿದವರಿಗೇ ಗುತ್ತಿಗೆ ಎಂಬ ನಮ್ಮ ಹಳೆಯ ರೂಢಿ ಡಾಂಬರು ರಸ್ತೆಯಲ್ಲೇ ಏನು ಫಲ ಕೊಟ್ಟಿದೆಯೆಂದು ಎಲ್ಲರೂ ಬಲ್ಲರು. ಕಣ್ಣಿಗೆ ಕಾಣದ ತಂತ್ರಾಂಶದಲ್ಲಿ ಅದರ ಫಲ ಇನ್ನೂ ತಡವಾಗಿ, ಇನ್ನೂ ದುಬಾರಿಯಾಗಿ ಕೈಸೇರುತ್ತದೆ.

ಇದರ ಜೊತೆಗೆ, ಮುಕ್ತವಾಗಿ ಲಭ್ಯವಿರುವ ರುಜುವಾತುಗಳನ್ನು ಬಳಸಿ, ಬೆಳೆಸಿ, ನಿರ್ವಹಿಸಬಲ್ಲ ತಜ್ಞರು ಬೇಕು. ಗಣಿತ ಮತ್ತು ತಂತ್ರಾಂಶ ಎರಡರಲ್ಲೂ ನುರಿತವರು ಬೆಂಗಳೂರಿನಂತಹ ನಗರದಲ್ಲಿ ವಿರಳರೇನಲ್ಲ. ಅವರಿಗೆ ದೀರ್ಘಾವಧಿಯ ಕೆಲಸ ಒದಗಿಸುವ ಬೇಡಿಕೆಯನ್ನು ಸಾರ್ವಜನಿಕ ಖರೀದಿಯೇ ಸೃಷ್ಟಿಸಬೇಕು. ಒಂದು ಬಜೆಟ್‌ನಲ್ಲಿ ಘೋಷಿಸಿ ಮುಂದಿನದರಲ್ಲಿ ಮರೆಯುವ ಯೋಜನೆಯಿಂದ ಇದು ಆಗುವಂಥದ್ದಲ್ಲ. ಸಿಡ್ನಿಯ ತಂಡ ಕಟ್ಟಲು ಹಿಡಿದ ವರ್ಷಗಳೆಷ್ಟು, ಚದುರಿಸಲು ಹಿಡಿದ ಅವಧಿಯೆಷ್ಟು ಎಂಬುದನ್ನು ನಮ್ಮ ನೀತಿ ನಿರೂಪಕರು ಗಮನಿಸುವುದು ಒಳಿತು.

ರುಜುವಾತಿಗೆ ಬೆಲೆ ತೆರುವುದೋ ಬೇಡವೋ ಎಂಬ ಆಯ್ಕೆ ವಾಸ್ತವವಾಗಿ ನಮ್ಮ ಮುಂದಿಲ್ಲ. ಮೊದಲೇ, ಲೆಕ್ಕ ಹಾಕಿ, ಬಜೆಟ್‌ನಲ್ಲಿ ನಮೂದಿಸಿ ತೆರಬಹುದು. ಇಲ್ಲವೇ ವಿಮಾನ ನಿಲ್ದಾಣದ ಸಾಲಿನಲ್ಲಿ, ಆಸ್ಪತ್ರೆಯ ಹೊಸ್ತಿಲಲ್ಲಿ, ಪಡಿತರ ಅಂಗಡಿಯ ಕಟ್ಟೆಯ ಮೇಲೆ ಕಾಯುವ ನಾಗರಿಕರಿಂದ ಆಮೇಲೆ ವಸೂಲಾಗಲು ಬಿಡಬಹುದು. ಎರಡನೆಯ ಬಗೆಯ ವೆಚ್ಚ ಯಾವ ಲೆಕ್ಕಶೀರ್ಷಿಕೆಯಲ್ಲೂ ಕಾಣಿಸುವುದಿಲ್ಲ ಎಂಬ ಒಂದೇ ಕಾರಣಕ್ಕೆ ಅದು ಅಗ್ಗವಾಗಿ ತೋರುತ್ತದೆ.